ಅಂಗಳದಲ್ಲೊಂದು ಮುಳ್ಳುಗಿಡವಿರಲಿ

ಪಿನ್ನರಿನ ನಮ್ಮ ಅಂಗಳಗಳು ಬಹಳ ಶಿಸ್ತಿನವು. ಹುಲ್ಲು ಒಂದೇ ಎತ್ತರ, ಬೇಲಿಗೆ ಮೇಲಿಂದ ಮೇಲೆ ಕತ್ತರಿ, ಉಳಿದಲ್ಲಿ ಕಾರಿಗೆಂದು ಹಾಸಿದ ಕಲ್ಲು. ಬೀದಿಯಲ್ಲಿ ನಮ್ಮ ಮನೆಯೊಂದೇ ಕಾಡಾಗಿ ಕಾಣಬಾರದೆಂಬ ಸಂಕೋಚ ಪರದೇಶದಲ್ಲಿ ನೆಲೆಯೂರಿದವರಿಗೆ ಸಹಜವೇ. ಆದರೆ ಈ ಅಚ್ಚುಕಟ್ಟಿಗೆ ಬೆಲೆ ತೆರುತ್ತಿರುವುದು ದುಂಬಿಗಳು, ಜೇನ್ನೊಣಗಳು. ಒಂದು ಮೂಲೆಯನ್ನಾದರೂ ಅವಕ್ಕೆ ಬಿಟ್ಟುಕೊಡಬೇಕೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಹಾಥಾರ್ನ್‌ಗಿಂತ ತಕ್ಕ ಗಿಡ ನನಗೆ ಕಾಣದು.

ಪಿನ್ನರಿಗೆ ಮೆಟ್ರೋಪಾಲಿಟನ್ ರೈಲು ಬಂದದ್ದು 1885ರಲ್ಲಿ. ಎರಡು ಮಹಾಯುದ್ಧಗಳ ನಡುವೆ 'ಮೆಟ್ರೋಲ್ಯಾಂಡ್' ಎಂಬ ಹೆಸರಿನಲ್ಲಿ ಹೊಲಗಳ ಮೇಲೆ ಮನೆಗಳೆದ್ದವು. ಇಂಗ್ಲೆಂಡಿನ ಹೊಲಗಳ ಎಲ್ಲೆಗೆ ಹಾಥಾರ್ನ್ ಬೇಲಿಯೇ ವಾಡಿಕೆ. ಇಂದು ನಾವು ಕತ್ತರಿಸುವ ಪ್ರಿವೆಟ್ ಹೆಚ್ಚಾಗಿ ಜಪಾನಿನದು. ಅದೂ ನಮ್ಮಂತೆ ವಲಸೆ ಬಂದದ್ದು; ಅದಕ್ಕಾಗಿ ದೂರುವುದು ನಮಗೆ ಶೋಭಿಸದು. ತೊಂದರೆಯೆಂದರೆ, ಸದಾ ಕತ್ತರಿಯಾಡುವ ಪ್ರಿವೆಟ್ ಹೂವನ್ನೇ ಬಿಡುವುದಿಲ್ಲ.

ಹಾಥಾರ್ನ್ ಮೇ ತಿಂಗಳಲ್ಲಿ ಬಿಳಿಯ ಹೂಗೊಂಚಲುಗಳಿಂದ ತುಂಬುತ್ತದೆ. ಐದೇ ಎಸಳು, ತೆರೆದ ಬಟ್ಟಲಿನಂಥ ಹೂವು. ನಾಲಿಗೆ ಗಿಡ್ಡವಿರುವ ಕಿರುಜೇನುಗಳಿಗೂ ಹೂನೊಣಗಳಿಗೂ ಮಕರಂದ ಸುಲಭವಾಗಿ ಎಟಕುತ್ತದೆ. ನಮ್ಮೂರಿನ ದಾಸವಾಳವನ್ನು ನೆನೆಯಿರಿ: ಐದೆಸಳಿನದರಲ್ಲಿ ಪರಾಗ ಹೊತ್ತ ಕೇಸರದಂಡ ಹೊರಚಾಚಿರುತ್ತದೆ, ಮುದ್ದೆ ದಾಸವಾಳದಲ್ಲಿ ಕೇಸರಗಳೇ ಎಸಳಾಗಿಬಿಟ್ಟಿರುತ್ತವೆ. ನರ್ಸರಿಗಳಿಂದ ನಾವು ತರುವ ಅನೇಕ ತುಂಬೆಸಳಿನ ಗುಲಾಬಿಗಳದೂ ಇದೇ ಕಥೆ. ಕಣ್ಣಿಗೆ ಹಬ್ಬ, ದುಂಬಿಗೆ ಉಪವಾಸ. ಹಾಥಾರ್ನ್ ಶರತ್ಕಾಲದಲ್ಲಿ ಬಿಡುವ ಕೆಂಪು ಹಣ್ಣುಗಳು ಹಕ್ಕಿಗಳ ಪಾಲು.

ಅಂಗಳ ಕೆಡುತ್ತದೆಂಬ ಆಕ್ಷೇಪಕ್ಕೆ ಆಧಾರವಿಲ್ಲ. ಈ ಗಿಡ ಕತ್ತರಿಗೆ ಚೆನ್ನಾಗಿ ಒಗ್ಗುತ್ತದೆ. ಆದರೆ ಹೂವು ಬರುವುದು ಹಿಂದಿನ ವರ್ಷದ ಕಡ್ಡಿಗಳಲ್ಲಿ. ಪ್ರತಿವರ್ಷ ಪೂರ್ತಿ ಸವರಿದರೆ ಹೂವಿಲ್ಲ. ಈ ವರ್ಷ ಅರ್ಧ, ಬರುವ ವರ್ಷ ಉಳಿದರ್ಧ ಸವರಿದರಾಯಿತು. ಹಣ್ಣುಗಳು ಮುಗಿದ ಮೇಲೆ, ಚಳಿಗಾಲದ ಕೊನೆಗೆ ಆ ಕೆಲಸವಾಗಲಿ. ಮಾರ್ಚಿನಿಂದ ಆಗಸ್ಟಿನವರೆಗೆ ಹಕ್ಕಿಗಳು ಗೂಡು ಕಟ್ಟುವ ಕಾಲ. ಬಳಕೆಯಲ್ಲಿರುವ ಗೂಡನ್ನು ಉದ್ದೇಶಪೂರ್ವಕವಾಗಿ ಕೆಡಿಸುವುದು 1981ರ ಕಾಯ್ದೆಯಂತೆ ಅಪರಾಧ. ಮುಳ್ಳಿನ ಆಕ್ಷೇಪ ಮಾತ್ರ ನಿಜವಾದುದು. ಎಳೆಯ ಮಕ್ಕಳಿರುವವರು ಓಡಾಡುವ ಹಾದಿಯ ಬದಿಯಲ್ಲಿ ನೆಡದೆ ಹಿತ್ತಿಲಿನ ಅಂಚಿನಲ್ಲಿ ನೆಡಲಿ.

ಬೇರಿಗೆ ಮಣ್ಣಿಲ್ಲದ ಅಗ್ಗದ ಸಸಿಗಳು ನವೆಂಬರಿನಿಂದ ಮಾರ್ಚಿನವರೆಗೆ ಸಿಗುತ್ತವೆ. ದೀಪಾವಳಿ ಕಳೆದು ಯುಗಾದಿ ಬರುವುದರೊಳಗೆ ಎಂದು ನೆನಪಿಟ್ಟುಕೊಳ್ಳಬಹುದು. ಪಿನ್ನರಿನ ಜೇಡಿಮಣ್ಣು ಇದಕ್ಕೆ ಅಡ್ಡಿಯಲ್ಲ. ಮೊದಲ ಬೇಸಿಗೆಯಲ್ಲಿ ನೀರೆರೆಯಿರಿ. ಹೂವಿಗೆ ಕೆಲವು ವರ್ಷ ಕಾಯಬೇಕು.