ಹವಳದ ತೊಟ್ಟಿಗೆ ಎಷ್ಟು ಬೆಳಕು ಬೇಕು?

ಮನೆಯಲ್ಲಿ ರೀಫ್ ಟ್ಯಾಂಕ್ ಇಡ್ಬೇಕು ಅಂತ ಆಸೆಪಡುವ ಗೆಳೆಯರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: "ಎಷ್ಟು ವ್ಯಾಟಿನ ಲೈಟ್ ತಗೋಬೇಕು?" ನಮ್ಮ ಪ್ರಕಾರ ದುಡ್ಡು ಹಾಳಾಗೋಕೆ ಶುರುವಾಗೋದೇ ಈ ಪ್ರಶ್ನೆಯಿಂದ. ವ್ಯಾಟ್ ಅಂದರೆ ಲೈಟು ಗೋಡೆಯ ಪ್ಲಗ್‌ನಿಂದ ಎಷ್ಟು ಎಳೆಯುತ್ತೆ ಅನ್ನೋ ಲೆಕ್ಕ. ಅದರಲ್ಲಿ ಶಾಖವಾಗಿ ಹೋದದ್ದೆಷ್ಟು, ಗಾಜಿನಾಚೆ ಚೆಲ್ಲಿದ್ದೆಷ್ಟು, ಹವಳಕ್ಕೆ ಮುಟ್ಟಿದ್ದೆಷ್ಟು ಅಂತ ಅದು ಹೇಳಲ್ಲ. ಬೇಸಿಕ್ ಎಲೆಕ್ಟ್ರಿಕಲ್ ಪಾಸಾಗಿ ಬಂದ ನಾವೇ ಇನ್‌ಪುಟ್ ನೋಡಿ ಔಟ್‌ಪುಟ್ ಊಹಿಸಿದರೆ ಹೇಗೆ ಮಾರಾಯ್ರೇ?

ಮೊದಲು ಒಂದು ವಿಷಯ. ಹವಳ ಗಿಡವಲ್ಲ, ಪ್ರಾಣಿ. ಆದರೆ ಅದರ ಮೈಯೊಳಗೆ ಜೂಜಾಂತೆಲ್ಲೆ ಅನ್ನೋ ಸೂಕ್ಷ್ಮ ಪಾಚಿಗಳು ಬಾಡಿಗೆಗಿರುತ್ತವೆ. ಅವು ಬೆಳಕಿನಿಂದ ಸಕ್ಕರೆ ಮಾಡಿ ಅದನ್ನೇ ಬಾಡಿಗೆಯಾಗಿ ಕೊಡುತ್ತವೆ, ಹವಳ ಬದುಕೋದು ಬಹುಪಾಲು ಆ ಬಾಡಿಗೆಯ ಮೇಲೆ. ಗೋಲ್ಡ್‌ಫಿಶ್ ತೊಟ್ಟಿಯ ಮೇಲಿನ ಟ್ಯೂಬ್‌ಲೈಟ್ ಇರೋದು ನಾವು ಮೀನು ನೋಡೋಕೆ. ಹವಳದ ತೊಟ್ಟಿಯ ಲೈಟ್ ಅಂದರೆ ಊಟ. ಅದಕ್ಕೇ ಇದನ್ನ ಮೆಸ್ ಮೆನು ಥರ ಗಂಭೀರವಾಗಿ ತಗೋಬೇಕು ಅಂತೀವಿ.

ಈ ಊಟವನ್ನ ಅಳೆಯೋ ಅಳತೆ ಪಾರ್. 400ರಿಂದ 700 ನ್ಯಾನೋಮೀಟರ್ ನಡುವಿನ ಎಷ್ಟು ಫೋಟಾನ್‌ಗಳು ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಬೀಳುತ್ತವೆ ಅನ್ನೋದು, ಮೈಕ್ರೋಮೋಲ್ ಲೆಕ್ಕದಲ್ಲಿ. ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದಿರೋದು ಮಾತ್ರ ಲ್ಯೂಮೆನ್. ಲ್ಯೂಮೆನ್ ಮನುಷ್ಯನ ಕಣ್ಣಿನ ಅಳತೆ, ನಮ್ಮ ಕಣ್ಣು 555 ನ್ಯಾನೋಮೀಟರಿನ ಹಸಿರಿಗೆ ಸೋಲುತ್ತೆ. ಒಂದು ವ್ಯಾಟ್ ಅಂಥ ಹಸಿರು ಬೆಳಕು 683 ಲ್ಯೂಮೆನ್. ಅದೇ ಒಂದು ವ್ಯಾಟ್ 450ರ ನೀಲಿ ಬೆಳಕು ಸುಮಾರು 26 ಲ್ಯೂಮೆನ್ ಮಾತ್ರ! ಆದರೆ ಫೋಟಾನ್ ಎಣಿಸಿದರೆ ಹಸಿರಿನಲ್ಲಿ ಸೆಕೆಂಡಿಗೆ ಸುಮಾರು 4.6 ಮೈಕ್ರೋಮೋಲ್, ನೀಲಿಯಲ್ಲಿ 3.8. ಕಣ್ಣಿಗೆ 26 ಪಟ್ಟು ಕಮ್ಮಿ, ಪಾಚಿಗೆ ಐದನೇ ಒಂದು ಭಾಗದಷ್ಟೂ ಕಮ್ಮಿಯಿಲ್ಲ. ಪಾಚಿಯ ಕ್ಲೋರೋಫಿಲ್ಲಿಗೆ ಇಷ್ಟವಾದದ್ದೂ ಆ ನೀಲಿಯೇ. ಹಾಗಾಗಿ ಲ್ಯೂಮೆನ್ ನೋಡಿ ಹವಳದ ಲೈಟ್ ಕೊಳ್ಳೋದು ಅಂದರೆ ರುಚಿ ನೋಡಿ ಪೆಟ್ರೋಲ್ ಕೊಂಡಂಗೆ. ಮೊಬೈಲಿನ ಲಕ್ಸ್ ಆ್ಯಪ್‌ಗೂ ಇದೇ ಮಾತು.

ನೀಲಿ ಯಾಕೆ ಅಂದರೆ ಸಮುದ್ರದಲ್ಲಿ ಕೆಂಪು ಬೆಳಕನ್ನು ನೀರು ಮೊದಲ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತೆ, ಆಳಕ್ಕೆ ಇಳಿಯೋದು ನೀಲಿ. ಮುಂಚೆ ಇದಕ್ಕೆ ಮೆಟಲ್ ಹ್ಯಾಲೈಡ್ ದೀಪಗಳನ್ನು, ಟಿ5 ಟ್ಯೂಬ್‌ಗಳನ್ನು ಹಾಕ್ತಿದ್ರು. ಹ್ಯಾಲೈಡ್ ಹಾಕಿದರೆ ನೀರು ಕಾಯುತ್ತೆ, ಅದನ್ನ ತಣ್ಣಗಿಡೋಕೆ ಚಿಲ್ಲರ್, ಚಿಲ್ಲರಿಗೆ ಮತ್ತೆ ಕರೆಂಟು. 1990ರ ದಶಕದಲ್ಲಿ ನೀಲಿ ಎಲ್‌ಇಡಿ ಬಂದದ್ದರಿಂದ (ಅಕಾಸಾಕಿ, ಅಮಾನೊ, ನಕಮುರಾ ಮೂವರಿಗೂ 2014ರಲ್ಲಿ ಫಿಸಿಕ್ಸ್ ನೊಬೆಲ್ ಸಿಕ್ಕಿತಲ್ಲ, ಅದೇ) ಇವತ್ತು ನಮ್ಮಂಥವರೂ ಈ ಹವ್ಯಾಸದ ಬಗ್ಗೆ ಯೋಚಿಸೋ ಹಾಗಾಗಿದೆ. ಆದರೆ ಅಂಗಡಿಯಲ್ಲಿ ಹವಳ ನಿಯಾನ್ ಥರ ಮಿಂಚೋದು ಆರೋಗ್ಯದ ಲಕ್ಷಣ ಅಂದ್ಕೋಬೇಡಿ. ಹವಳದಲ್ಲಿ ಹೊಳೆಯುವ ಪ್ರೋಟೀನ್‌ಗಳಿವೆ, ನೀಲಿ ಬಿದ್ದರೆ ಹಸಿರು, ಕೆಂಪು ವಾಪಸ್ ಕೊಡುತ್ತವೆ. ಬಿಳಿ ಚಾನೆಲ್ ಆನ್ ಮಾಡಿ ತೋರಿಸಿ ಅಂತ ಕೇಳಿ. ಆಗಲೂ ಚೆನ್ನಾಗಿ ಕಂಡರೆ ಮುಂದಿನ ಮಾತು.

ಇನ್ನು ನಮಗೆ ನಿಜವಾಗಿ ಸಿಟ್ಟು ಬರಿಸೋ ವಿಷಯ. ಅಮೆರಿಕದವರ ವಿಡಿಯೋ ನೋಡಿ ಇಲ್ಲಿನವರೂ ಅವರದೇ ದೊಡ್ಡ ಲೈಟಿಗೆ ದುಡ್ಡು ಕೂಡಿಸ್ತಾರೆ. ಅವರು ಇಟ್ಟಿರೋದು ಅಕ್ರೋಪೊರಾದಂಥ ಕಲ್ಲು ಹವಳ, ಅದಕ್ಕೆ 200ರಿಂದ 350 ಪಾರ್ ಬೇಕಾಗುತ್ತೆ. ಭಾರತದಲ್ಲಿ ಕಲ್ಲು ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿವೆ. ಹುಲಿ ಇರೋ ಪಟ್ಟಿ ಅದು. ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ ಜೈಲು. ಮುರ್ಡೇಶ್ವರದ ಹತ್ತಿರ ನೇತ್ರಾಣಿಗೆ ಡೈವಿಂಗ್ ಹೋದವರು ನೆನಪಿಗೆ ಅಂತ ಒಂದು ತುಂಡು ಮುರಿದು ತಂದರೂ ಅದೇ ಕಥೆ. "ಎಲ್ಲರೂ ಇಡ್ತಾರೆ ಬಿಡ್ರೋ" ಅನ್ನೋ ವಾದವನ್ನ ನಾವು ಒಪ್ಪಲ್ಲ. ಸಮುದ್ರ ಬಿಸಿಯಾಗಿ ಹವಳಗಳು ಬೆಳ್ಳಗಾಗ್ತಿರೋ ಕಾಲದಲ್ಲಿ ನಮ್ಮ ಶೋಕಿಗೆ ಬಂಡೆಯಿಂದ ಕಿತ್ತ ಹವಳ ಬೇಕಾ?

ಕಲ್ಲು ಹವಳದ ಆಸೆ ಬಿಟ್ಟರೆ ಉಳಿಯೋದು ಜೊಯಾಂಥಿಡ್, ಮಶ್ರೂಮ್ ಹವಳದಂಥವು. ಕಾನೂನಿನ ಪಟ್ಟಿಯ ಕಲ್ಲು ಹವಳದ ಗುಂಪಿಗೆ ಇವು ಸೇರಲ್ಲ. ತೊಟ್ಟಿಯಲ್ಲೇ ಮರಿ ಹಾಕಿಸಿ ಬೆಳೆಸಿದ್ದನ್ನ ಹವ್ಯಾಸಿಗಳಿಂದಲೇ ತಗೊಳ್ಳಿ. (ಜೊಯಾಂಥಿಡ್ ಮುಟ್ಟುವಾಗ ಗ್ಲೌಸ್ ಇರಲಿ, ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಘೋರ ವಿಷವಿದೆ. ಸುಮ್ನೆ ಹೆದರಿಸ್ತಿಲ್ಲ.) ಇವುಗಳಿಗೆ 50ರಿಂದ 120 ಪಾರ್ ಧಾರಾಳ ಸಾಕು. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಅಂದರೆ ಸುಮಾರು 57 ಲೀಟರ್. ಅದಕ್ಕೆ ನೀಲಿ ಮತ್ತು ಬಿಳಿ ಬೇರೆ ಬೇರೆ ಡಿಮ್ ಮಾಡಬಹುದಾದ 40 ವ್ಯಾಟಿನೊಳಗಿನ ಒಂದು ಎಲ್‌ಇಡಿ ಸಾಮಾನ್ಯವಾಗಿ ಸಾಕಾಗುತ್ತೆ. ದಿನಕ್ಕೆ ಎಂಟು ಗಂಟೆ ಉರಿಸಿದರೆ ತಿಂಗಳಿಗೆ ಹತ್ತು ಯೂನಿಟ್ಟೂ ಆಗಲ್ಲ. 150 ವ್ಯಾಟಿನದಾದರೆ 36. ಉಳಿದ ದುಡ್ಡಲ್ಲಿ ಒಳ್ಳೆ ಪಂಪ್ ತಗೊಳ್ಳಿ.

"ಜಾಸ್ತಿ ಇದ್ರೆ ನಷ್ಟ ಏನು?" ಅಂತೀರಾ? ನಷ್ಟ ಇದೆ. ಬೆಳಕು ಮಿತಿ ಮೀರಿದರೆ ಪಾಚಿ ಅದನ್ನೆಲ್ಲ ಬಳಸಲಾಗದೆ ವಿಷಕಾರಿ ಆಕ್ಸಿಜನ್ ರೂಪಗಳನ್ನ ಹುಟ್ಟಿಸುತ್ತೆ. ಹವಳ ತನ್ನ ಬಾಡಿಗೆದಾರರನ್ನೇ ಹೊರಗೆ ಹಾಕಿ ಬೆಳ್ಳಗಾಗುತ್ತೆ, ಆಮೇಲೆ ಉಪವಾಸ. ಕಮ್ಮಿ ಬೆಳಕಿನ ಹವಳ ವಾರಗಟ್ಟಲೆ ಉದ್ದ ಕತ್ತು ಚಾಚಿ "ಸಾಲ್ತಿಲ್ಲ" ಅಂತ ಹೇಳುತ್ತೆ, ಸರಿಮಾಡೋಕೆ ಟೈಮ್ ಸಿಗುತ್ತೆ. ಸುಟ್ಟ ಹವಳ ಆ ಅವಕಾಶ ಕೊಡೋದು ಅಪರೂಪ. ಅದಕ್ಕೇ ಹೊಸ ಲೈಟನ್ನ ಕಮ್ಮಿಯಿಂದ ಶುರುಮಾಡಿ ಮೂರ್ನಾಲ್ಕು ವಾರದಲ್ಲಿ ಏರಿಸಬೇಕು. ಹವಳವನ್ನ ಮೊದಲು ತಳದಲ್ಲೇ ಇಡಬೇಕು.

ಎಲ್ಲ ಸರಿ, ಪಾರ್ ಅಳೆಯೋದು ಹೇಗೆ? ಮೀಟರಿನ ಬೆಲೆ ಕೆಲವೊಮ್ಮೆ ಲೈಟಿಗಿಂತ ಜಾಸ್ತಿ, ಅದಕ್ಕೇ ಯಾರೂ ಕೊಳ್ಳಲ್ಲ. ಆದರೆ ಒಬ್ಬರಿಗೆ ಅದು ಬೇಕಾಗೋದು ವರ್ಷಕ್ಕೆ ಎರಡು ಸಲ. ಹತ್ತು ಜನ ಸೇರಿ ಒಂದು ಕೊಂಡು ಸರದಿಯಲ್ಲಿ ಬಳಸಿದರೆ ಮುಗೀತು. ಇಲ್ಲ ಅಂದರೆ ಫೋಟೋಡಯೋಡ್, ಫಿಲ್ಟರ್, ಒಂದು ಮೈಕ್ರೋಕಂಟ್ರೋಲರ್ ಇಟ್ಕೊಂಡು ನಾವೇ ಮಾಡಿ, ಒಳ್ಳೆ ಮೀಟರ್ ಎದುರು ಕ್ಯಾಲಿಬ್ರೇಟ್ ಮಾಡಬಹುದು. ಮಿನಿ ಪ್ರಾಜೆಕ್ಟಿಗೆ ಮತ್ತೆ ಅದೇ ಲೈನ್ ಫಾಲೋವರ್ ರೋಬೋ ಮಾಡೋಕಿಂತ ಇದು ವಾಸಿ. ಇಸಿ, ಬಯೋಟೆಕ್ ಎರಡೂ ಕಡೆಯವರು ಬಂದರೆ ಈ ಸೆಮ್‌ನಲ್ಲೇ ಶುರುಮಾಡೋಣ.