ದೇವರ ಬಗ್ಗೆ ಬಹುವಚನ, ದೇವರ ಜೊತೆ ಏಕವಚನ

ಡೊಂಬಿವಲಿ ಪೂರ್ವದ ಒಂದು ವನ್ ಬಿಎಚ್‌ಕೆ ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜಿ ಬೆಳ್ತಂಗಡಿ ಕಡೆಯವರು, ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವರು. ಮನೆಮಾತು ಕೊಂಕಣಿ, ಅದನ್ನು ಓದುವುದು ಕನ್ನಡ ಲಿಪಿಯಲ್ಲಿ. ಮಗ ಬೆಳಿಗ್ಗೆ ಏಳರ ಫಾಸ್ಟ್ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ ಒಂಬತ್ತಕ್ಕೆ. ಸೊಸೆ ಥಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿ ಐರೋಲಿಯ ಆಫೀಸಿಗೆ ಹೋಗುತ್ತಾಳೆ. ಮೊಮ್ಮಕ್ಕಳ ಶಾಲೆ ಇಂಗ್ಲಿಷ್, ಬಿಲ್ಡಿಂಗಿನ ಕೆಳಗಿನ ಆಟ ಹಿಂದಿ ಮತ್ತು ಮರಾಠಿ. ಊರಿನಲ್ಲಿ ಸಂಜೆ ಏಳಕ್ಕೆ ತಪ್ಪದೆ ನಡೆಯುತ್ತಿದ್ದ ತೆರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇಲ್ಲಿ ಮೊದಲು ಎಂಟಕ್ಕೆ ಸರಿಯಿತು. ಆಮೇಲೆ ಹತ್ತಕ್ಕೆ. ಈಗ ಅಕ್ಟೋಬರ್ ತಿಂಗಳಿಗೆ ಮಾತ್ರ ಉಳಿದಿದೆ. ಉಳಿದ ದಿನ ಅಜ್ಜಿ ಒಬ್ಬರೇ, ಟಿವಿಯ ಸದ್ದಿನಾಚೆ, ಮಣಿ ಎಣಿಸುತ್ತಾರೆ.

ಥಾಣೆಯಿಂದ ಕಲ್ಯಾಣ್‌ವರೆಗೆ, ಆಚೆ ನವಿ ಮುಂಬಯಿಯಲ್ಲಿ, ದಕ್ಷಿಣ ಕನ್ನಡ ಉಡುಪಿಗಳಿಂದ ಬಂದ ಕಥೋಲಿಕರ ಎಷ್ಟೋ ಮನೆಗಳ ಕತೆ ಹೀಗೇ ಇದೆ. ಇದಕ್ಕೆ ಸಾಮಾನ್ಯವಾಗಿ ಸಿಗುವ ವಿವರಣೆ: ಭಕ್ತಿ ಕಡಿಮೆಯಾಯಿತು. ಸಾಮಾನ್ಯವಾಗಿ ಸಿಗುವ ಮದ್ದು: ಇನ್ನೊಂದು ನೊವೆನಾ, ಇನ್ನೊಂದು ಧ್ಯಾನಕೂಟ. ಎರಡೂ ಪೂರ್ತಿ ಸರಿಯಲ್ಲ. ಮಾಹಿಮ್‌ನ ಸಂತ ಮೈಕಲ್ ಚರ್ಚಿನಲ್ಲಿ 1948ರಲ್ಲಿ ಶುರುವಾದ ಬುಧವಾರದ ನೊವೆನಾಕ್ಕೆ ಇಂದಿಗೂ ಜನ ಸೇರುತ್ತಾರೆ. ಅವರಲ್ಲಿ ಆಫೀಸಿನಿಂದ ನೇರ ಬಂದವರೆಷ್ಟೋ. ಭಕ್ತಿಗೆ ಬರವಿಲ್ಲ. ಕಡಿಮೆಯಾಗಿರುವುದು ಮಾತುಕತೆ. ದೇವರ ಬಗ್ಗೆ ಕೇಳುವುದು ಬೇಕಾದಷ್ಟಿದೆ, ದೇವರ ಜೊತೆ ಆಡುವುದು ಇಲ್ಲ. ಈ ವ್ಯತ್ಯಾಸ ಅರ್ಥವಾಗಲು ಒಂದು ಸಣ್ಣ ಸರ್ವನಾಮವನ್ನು ನೋಡಿದರೆ ಸಾಕು.

ಕನ್ನಡಿಗರು ಎಷ್ಟೋ ಸಲ ‘ದೇವರು ನೋಡ್ತಾರೆ’ ಎಂದು ಬಹುವಚನದಲ್ಲಿ ಹೇಳುತ್ತಾರೆ. ಅದೇ ಬಾಯಿ, ಮಗುವಿಗೆ ಜ್ವರ ಏರಿದ ರಾತ್ರಿ, ‘ದೇವರೇ, ನೀನೇ ಕಾಪಾಡಪ್ಪಾ’ ಎನ್ನುತ್ತದೆ. ದೇವರ ಬಗ್ಗೆ ಆಡುವಾಗ ಬಹುವಚನ, ದೇವರ ಜೊತೆ ಆಡುವಾಗ ಏಕವಚನ. ವ್ಯಾಕರಣ ಪುಸ್ತಕ ಇದನ್ನು ಕಲಿಸುವುದಿಲ್ಲ. ಬಸವಣ್ಣ, ಅಕ್ಕಮಹಾದೇವಿ ತಮ್ಮ ದೇವರನ್ನು ಕರೆದದ್ದು ನೀನು ಎಂದೇ. ಪುರಂದರದಾಸರಂತೂ ವಿಠಲನನ್ನು ಏಕವಚನದಲ್ಲೇ ಬೈದರು. ಜಗಳಕ್ಕೆ ನೀವು ಎನ್ನುವ ಸಂಬಂಧದಲ್ಲಿ ಏನೋ ಕೆಟ್ಟಿದೆ ಎಂದೇ ಕನ್ನಡದ ಕಿವಿಗೆ ಕೇಳಿಸುತ್ತದೆ.

ಕ್ರೈಸ್ತರ ಕನ್ನಡದಲ್ಲಿ ಇದು ಎರಡು ದಾರಿ ಹಿಡಿಯಿತು. ಪ್ರಾಟೆಸ್ಟೆಂಟರು ಬಳಸುತ್ತ ಬಂದ ಬೈಬಲ್ಲಿನಲ್ಲಿ ಯೇಸು ಕಲಿಸಿದ ಪ್ರಾರ್ಥನೆ ತಂದೆಯನ್ನು ‘ನಿನ್ನ’ ಎಂದು ಕರೆಯುತ್ತದೆ. ಕಥೋಲಿಕರ ಕನ್ನಡ ಪ್ರಾರ್ಥನೆಯಲ್ಲಿ ಅದು ‘ನಿಮ್ಮ’. ಮಾತೆ ಮರಿಯಳಿಗೂ ‘ನೀವು’, ಯೇಸುವೂ ‘ಕರ್ತರು’. ಇದು ತಪ್ಪಲ್ಲ, ಗೌರವವೂ ಪ್ರೀತಿಯ ಒಂದು ರೂಪ. ಆದರೆ ಡೊಂಬಿವಲಿಯ ಆ ಅಜ್ಜಿಯ ಕೊಂಕಣಿ ತೆರ್ಸ್‌ನಲ್ಲಿ ದೇವರು ‘ತುಂ’, ತಾಯಿಯನ್ನು ಕರೆಯುವ ಅದೇ ಮಾತು. ಪಕ್ಕದ ಮನೆಯ ಮರಾಠಿಯಲ್ಲೂ ಆಯಿ ‘ತೂ’, ವಿಠೋಬಾ ‘ತೂ’, ಮರಾಠಿ ಕ್ರೈಸ್ತರ ತಂದೆಯೂ ‘ತೂ’. ಮೊಮ್ಮಕ್ಕಳಿಗೆ ಬಂದಿರುವುದು ಇಂಗ್ಲಿಷಿನ ‘ದೈ’. ಅದೂ ಒಂದು ಕಾಲದಲ್ಲಿ ಆಪ್ತರಿಗೆ ಹೇಳುವ ಏಕವಚನವೇ ಆಗಿತ್ತು. ಚರ್ಚಿನ ಹೊರಗೆ ಎಲ್ಲೂ ಕೇಳದ್ದರಿಂದ ಮಕ್ಕಳಿಗೆ ಅದು ಗಂಭೀರವಾದ, ದೊಡ್ಡವರ, ದೂರದ ಶಬ್ದ. ಅಜ್ಜಿಯ ಪಕ್ಕದಲ್ಲಿ ಕೂತಿದ್ದವನು ಎರಡು ತಲೆಮಾರಿನಲ್ಲಿ ವೇದಿಕೆ ಹತ್ತಿಬಿಟ್ಟ.

(ತೆರ್ಸ್ ಎಂಬ ಮಾತಿನದೇ ಒಂದು ತಮಾಷೆ. ಪೋರ್ಚುಗೀಸಿನ ‘ಮೂರನೇ ಒಂದು ಭಾಗ’ ಎಂಬ ಶಬ್ದದಿಂದ ಬಂದದ್ದು, ಇಡೀ ಜಪಸರದ ಮೂರರಲ್ಲೊಂದು ಪಾಲು ಎಂದು. 2002ರಲ್ಲಿ ಎರಡನೇ ಜಾನ್ ಪಾಲ್ ಐದು ಹೊಸ ರಹಸ್ಯಗಳನ್ನು ಸೇರಿಸಿದ ಮೇಲೆ ಅದು ನಾಲ್ಕರಲ್ಲೊಂದು ಪಾಲು. ಹೆಸರು ಮಾತ್ರ ಹಾಗೇ ಇದೆ, ಯಾವ ಅಜ್ಜಿಯೂ ಲೆಕ್ಕ ಕೇಳಿಲ್ಲ.)

ಜನರ ಭಾಷೆಯಲ್ಲಿ ಪೂಜೆ ನಡೆಯಬಹುದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರ ಡಿಸೆಂಬರ್‌ನಲ್ಲಿ ಒಪ್ಪಿತು. ಅದಕ್ಕೂ ಎಷ್ಟೋ ಮೊದಲು, 1616ರಲ್ಲೇ, ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲೆಂಡಿನ ಜೆಸ್ವಿಟ್ ಪಾದ್ರಿ ಮರಾಠಿ ಓವಿಗಳಲ್ಲಿ ಕ್ರಿಸ್ತಪುರಾಣ ಬರೆದು ಅಚ್ಚು ಹಾಕಿಸಿದ್ದರು. ಆದರೆ ಥಾಣೆಯಂಥ ಊರಿನಲ್ಲಿ ‘ಜನರ ಭಾಷೆ’ ಯಾವುದು? ಕೇರಳದ ಸೀರೋ-ಮಲಬಾರ್ ಕಥೋಲಿಕರಿಗೆ 1988ರಲ್ಲಿ ಕಲ್ಯಾಣ್ ಹೆಸರಿನಲ್ಲೇ ಸ್ವಂತ ಧರ್ಮಪ್ರಾಂತ್ಯ ಸಿಕ್ಕಿತು. ವಾಶಿಯ ಮಲಯಾಳಿ ನರ್ಸ್ ಮನೆಯ ಭಾಷೆಯಲ್ಲೇ ಬಲಿಪೂಜೆಯಲ್ಲಿ ಭಾಗವಹಿಸಬಹುದು. ಕರಾವಳಿಯವರಿಗೆ ಆ ಏರ್ಪಾಟಿಲ್ಲ. ಹೆಚ್ಚಾಗಿ ಸ್ಥಳೀಯ ಚರ್ಚಿನ ಇಂಗ್ಲಿಷ್ ಅಥವಾ ಮರಾಠಿಯಲ್ಲಿ ಅವರು ಸೇರಿಕೊಳ್ಳುತ್ತಾರೆ. ಇದು ದೂರು ಕೊಡುವ ವಿಷಯವಲ್ಲ. ಒಂದೇ ಬೆಂಚಿನಲ್ಲಿ ವಸಾಯಿಯವರು, ಗೋವಾದವರು, ಮಂಗಳೂರಿನವರು, ತಮಿಳರು ಕೂರುವುದಕ್ಕೆ ಅದರದೇ ಚೆಲುವಿದೆ. ಆದರೆ ಭಾನುವಾರದ ಒಂದು ಗಂಟೆ ಎಲ್ಲರ ಭಾಷೆಯಲ್ಲಿ ಕಳೆದರೆ, ಉಳಿದ ವಾರವಾದರೂ ತನ್ನ ಭಾಷೆಯಲ್ಲಿ ಇರಬೇಕಲ್ಲ.

ಉಳಿದ ವಾರದಲ್ಲಿ ಸಮಯವೆಲ್ಲಿ ಎಂದು ಮಗ ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ ಸುಮಾರು 54 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ದಿನದ ಎರಡೂವರೆ, ಮೂರು ಗಂಟೆ ಗಾಡಿಯಲ್ಲೇ ಕರಗುತ್ತದೆ. ಆದರೆ ಕಥೋಲಿಕ ಪರಂಪರೆ ಮೌನದ ಮಠವನ್ನಷ್ಟೇ ನೆಚ್ಚಿಕೊಂಡಿಲ್ಲ. ಹದಿನೇಳನೇ ಶತಮಾನದ ಪ್ಯಾರಿಸ್‌ನಲ್ಲಿ ಬ್ರದರ್ ಲಾರೆನ್ಸ್ ಎಂಬ ಕಾರ್ಮೆಲೈಟ್ ದೇವರ ಸನ್ನಿಧಿಯನ್ನು ರೂಢಿಮಾಡಿಕೊಂಡದ್ದು ಮಠದ ಅಡುಗೆಮನೆಯ ಗದ್ದಲದಲ್ಲಿ. ಆವಿಲಾದ ತೆರೆಸಾ ಪ್ರಾರ್ಥನೆಯನ್ನು ಗೆಳೆಯನೊಡನೆ ಆಡುವ ಮಾತಿಗೆ ಹೋಲಿಸಿದಳು. ದಿನವನ್ನು ದೇವರ ಮುಂದೆ ಹಿಂದಿರುಗಿ ನೋಡುವ ಇಗ್ನೇಷಿಯಸ್‌ರ ಅಭ್ಯಾಸಕ್ಕೆ ಕಾಲು ಗಂಟೆ ಸಾಕು: ಇವತ್ತು ಯಾವುದಕ್ಕೆ ಕೃತಜ್ಞತೆ, ಎಲ್ಲಿ ತಪ್ಪಿದೆ, ನಾಳೆ ಏನು. ಠಾಕುರ್ಲಿ ಬರುವ ಹೊತ್ತಿಗೆ ಮುಗಿಯುತ್ತದೆ. ಅದೇ ಗಾಡಿಗಳಲ್ಲಿ ತಾಳ ಹಿಡಿದು ಭಜನೆ ಹಾಡುವ ಮಂಡಳಿಗಳಿವೆ, ಅವರು ಯಾವ ಧ್ಯಾನಕೂಟಕ್ಕೂ ಕಾಯಲಿಲ್ಲ. ಫೋರ್ಥ್ ಸೀಟಿನ ಅಂಚಿನಲ್ಲಿ ಅರ್ಧ ಕೂತು, ‘ಇವತ್ತು ಬಾಸ್ ಮಾತಾಡಿದ್ದು ಕೇಳಿದೆಯಲ್ಲ, ನೀನೇ ಹೇಳು’ ಎಂದು ಮನಸ್ಸಿನಲ್ಲೇ ಅನ್ನುವುದೂ ಪ್ರಾರ್ಥನೆಯೇ. ಇಎಂಐ, ಮಂಡಿನೋವು, ಅತ್ತೆಯ ಮೇಲಿನ ಸಿಟ್ಟು, ಎಲ್ಲಕ್ಕೂ ಅಲ್ಲಿ ಜಾಗವಿದೆ.

ಹಾಗಾದರೆ ಬಾಯಿಪಾಠದ ಪ್ರಾರ್ಥನೆ ಬೇಡವೇ? ಬೇಕು, ಖಂಡಿತ ಬೇಕು. ದುಃಖದಲ್ಲಿ ಸ್ವಂತ ಮಾತು ಸತ್ತುಹೋದಾಗ ಹೊತ್ತು ನಡೆಯುವುದು ಅದೇ. ಮಕ್ಕಳ ಹೆಸರು ಮರೆತ ಮುದುಕರ ಬಾಯಲ್ಲೂ ಅದು ಉಳಿದಿರುತ್ತದೆ. ಬರೀ ಸ್ವಂತ ಮಾತನ್ನೇ ನೆಚ್ಚಿದವನು ಕೊನೆಗೆ ತನ್ನ ದನಿಯನ್ನೇ ದೇವರ ದನಿ ಎಂದು ತಿಳಿಯುವ ಅಪಾಯವೂ ಇದೆ; ಶುಭಸಂದೇಶ, ಪಾಪನಿವೇದನೆ, ಎದುರುಮನೆಯವರು, ಇವೆಲ್ಲ ಅದಕ್ಕೆ ತಡೆ. ಆದರೆ ಗುರುಗಳ ಬರವಣಿಗೆ ನೋಡಿ ಕಾಪಿ ಬರೆದ ಹುಡುಗ ಒಂದು ದಿನ ಸ್ವಂತ ಕಾಗದ ಬರೆಯಬೇಕು. ಇಲ್ಲಿ ಅನೇಕರು ಐವತ್ತು ವರ್ಷವಾದರೂ ಕಾಪಿಯನ್ನೇ ತಿದ್ದುತ್ತಿದ್ದಾರೆ. ತಪ್ಪು ಅವರದಲ್ಲ. ನಿನ್ನ ಮುರುಕು ಭಾಷೆಯೂ ನಡೆಯುತ್ತದೆ ಎಂದು ಯಾರೂ ಅವರಿಗೆ ಹೇಳಿಲ್ಲ.

ಹೇಳಲು ಜಾಗವಂತೂ ಇದೆ. ಬಿಲ್ಡಿಂಗ್‌ಗಳಲ್ಲಿ ನಡೆಯುವ ಕಿರು ಸಮುದಾಯದ ಕೂಟಗಳಲ್ಲಿ ಶುಭಸಂದೇಶದ ಭಾಗ ಓದಿ ಪ್ರತಿಯೊಬ್ಬರೂ ಎರಡು ಮಾತು ಪ್ರಾರ್ಥಿಸುವ ರೂಢಿಯಿದೆ. ಮಾತು ಇಂಗ್ಲಿಷಿನಲ್ಲಿ ಸಾಗುತ್ತದೆ. ಸರದಿ ಬಂದಾಗ ಅಜ್ಜಿ ನಕ್ಕು ತಲೆಯಾಡಿಸುತ್ತಾರೆ, ಪಕ್ಕದವರು ಮುಂದುವರಿಸುತ್ತಾರೆ. ಕೊಂಕಣಿಯಲ್ಲೋ ತುಳುವಿನಲ್ಲೋ ಕನ್ನಡದಲ್ಲೋ ಹೇಳಿ ಎಂದು ಅವರಿಗೆ ಹೇಳಬಹುದು, ಅನುವಾದದ ಗೋಜೇ ಬೇಡ, ಕೇಳಬೇಕಾದವನಿಗೆ ಕೇಳಿಸುತ್ತದೆ. ಉಳಿದವರು ಅರ್ಥವಾಗದೆ ಎರಡು ನಿಮಿಷ ಸುಮ್ಮನೆ ಕೂತಿರಬೇಕಾಗುತ್ತದೆ. ಅಜ್ಜಿ ಪ್ರತಿ ಕೂಟದಲ್ಲೂ ಮುಕ್ಕಾಲು ಗಂಟೆ ಹಾಗೇ ಕೂರುತ್ತಾರೆ.