ಟರ್ಬೊ ಬದಲಿಸುವವರ ದುಂದು

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಟರ್ಬೊಚಾರ್ಜರಿಗೆ ಪೇಟೆಂಟ್ ಪಡೆದದ್ದು, ವ್ಯರ್ಥವಾಗಿ ಹೋಗುವ ಹೊಗೆಯ ಶಕ್ತಿಯನ್ನು ಎಂಜಿನ್ನಿಗೇ ಮರಳಿಸಲು. ಮಿತವ್ಯಯದ ಆ ಸಾಧನವೇ ಇಂದು ದುಂದಿನ ಗುರುತಾಗಿದೆ. ವೇಗದ ಕಾರಿನ ಟರ್ಬೊ ಸವೆದಾಗ ಮೂಲ ಅಳತೆಯದನ್ನೇ ಹಾಕಿಸುವ ಬದಲು ಇನ್ನೂ ದೊಡ್ಡದನ್ನು ಕೂರಿಸುವ ಶೋಕಿದಾರರಿದ್ದಾರೆ. ಹೆಚ್ಚು ಗಾಳಿ ನುಗ್ಗಿದಷ್ಟೂ ಹೆಚ್ಚು ಪೆಟ್ರೋಲು ಬೇಕು. ಹೊಗೆಗೆ ದಾರಿ ಸಲೀಸಾಗಲೆಂದು ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೆಸೆಯುವವರೂ ಉಂಟು! ಘಟ್ಟದ ಏರಿನಲ್ಲಿ ಆ ಕಾರು ಕಾರುವ ಕಾರ್ಬನ್ ಮಾನಾಕ್ಸೈಡು, ನೈಟ್ರೋಜನ್ ಆಕ್ಸೈಡುಗಳು ರಸ್ತೆಬದಿಯ ಊರಿನ ಉಸಿರಿಗೆ ಸೇರುತ್ತವೆ. ಇದು ಖಾಸಗಿ ಹವ್ಯಾಸವೇ? ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸಿದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಸಾರಿಗೆ ಅಧಿಕಾರಿಗಳು, ನಿಂತ ಕಾರಿನ ಹೊಗೆಯನ್ನಷ್ಟೇ ಅಳೆದು ಕೊಟ್ಟ ಚೀಟಿಗೆ ತೃಪ್ತರಾಗದೆ, ಬಾನೆಟ್ಟು ತೆಗೆಸಿ ನೋಡಲಿ.